ಹಾರ್ನ್ ಹೊಡೆದರೆ ಯಾರು ಬರುತ್ತಾರೆ?

ಜಾಬ್ರಿಯಾದಲ್ಲಿ ಯಾರಿಗಾದರೂ ಮನೆಯ ದಾರಿ ಹೇಳಬೇಕಾದರೆ ನಾವೆಲ್ಲ ಮುಬಾರಕ್ ಆಸ್ಪತ್ರೆಯಿಂದಲೇ ಶುರುಮಾಡುತ್ತೇವೆ. ಆಸ್ಪತ್ರೆ ದಾಟಿ, ಎರಡನೆಯ ಬಲತಿರುವು, ಬಕಾಲಾದ ಎದುರಿನ ಬಿಲ್ಡಿಂಗ್. ನಮ್ಮೂರುಗಳಲ್ಲಿ ಅರಳಿಕಟ್ಟೆಗೆ ಇರುವ ಸ್ಥಾನ ಇಲ್ಲಿ ಈ ಆಸ್ಪತ್ರೆಗೆ. 1896ರಿಂದ 1915ರವರೆಗೆ ಕುವೈತನ್ನು ಆಳಿದ ಶೇಖ್ ಮುಬಾರಕರ ಹೆಸರು ಅದಕ್ಕೆ. ಹತ್ತಿರದಲ್ಲೇ ವೈದ್ಯಕೀಯ ಕಾಲೇಜು. ಕೇಂದ್ರ ರಕ್ತನಿಧಿಯೂ ಜಾಬ್ರಿಯಾದಲ್ಲೇ ಇದೆ.

ಸಕ್ಕರೆ ಕಾಯಿಲೆಯ ದೆಸೆಯಿಂದ ನಾನು ದಿನವೂ ಸಂಜೆ ಈ ಸುತ್ತಿನಲ್ಲಿ ನಡೆಯುತ್ತೇನೆ. ಇರಾನಿ ರೊಟ್ಟಿ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಲಾಂಡ್ರಿಯಲ್ಲಿ ಬಿಳಿ ದಿಶ್‌ದಾಶಾಗಳಿಗೆ ಇಸ್ತ್ರಿ ನಡೆದಿರುತ್ತದೆ. ಔಷಧದ ಅಂಗಡಿಗೆ ಚೀಟಿ ಹಿಡಿದು ಬರುವವರ ಮುಖ ನೋಡಿದರೆ ಒಳಗಿರುವ ರೋಗಿಯ ಸ್ಥಿತಿ ಅರ್ಧ ತಿಳಿಯುತ್ತದೆ. ನೈಟ್ ಡ್ಯೂಟಿಗೆ ಹೊರಟ ನರ್ಸ್‌ಗಳು ಕೆಫ್ಟೇರಿಯಾದಿಂದ ಚಹಾ ಕಟ್ಟಿಸಿಕೊಂಡು ಹೋಗುತ್ತಾರೆ. ಕೆಲವು ಮನೆಗಳ ಕಾಂಪೌಂಡಿನ ಹೊರಗೆ ತಣ್ಣೀರಿನ ಕೂಲರ್ ಇಟ್ಟಿದ್ದಾರೆ. ಇವರು ಅದಕ್ಕೆ ಸಬೀಲ್ ಎನ್ನುತ್ತಾರೆ, ನಾವು ಅರವಟ್ಟಿಗೆ ಎನ್ನುತ್ತಿದ್ದೆವು. ಕುಡಿಯುವವರ ಊರು, ಜಾತಿ ಕೇಳಲು ಅಲ್ಲಿ ಯಾರೂ ನಿಂತಿರುವುದಿಲ್ಲ.

ಇಷ್ಟರ ನಡುವೆ ಬಿಡದೆ ಕೇಳುವ ಸದ್ದು ಒಂದೇ, ಹಾರ್ನ್. ಬಕಾಲಾದ ಮುಂದೆ ಕಾರು ನಿಲ್ಲುತ್ತದೆ, ಎರಡು ಸಲ ಹಾರ್ನ್ ಆಗುತ್ತದೆ, ಒಳಗಿನಿಂದ ಹುಡುಗ ಓಡಿಬರುತ್ತಾನೆ. ಕಿಟಕಿಯ ಗಾಜು ನಾಲ್ಕು ಬೆರಳು ಇಳಿಯುತ್ತದೆ. ಹುಡುಗ ಒಳಗೆ ಓಡುತ್ತಾನೆ, ಸಾಮಾನು ತರುತ್ತಾನೆ, ಚಿಲ್ಲರೆಗೆ ಮತ್ತೆ ಓಡುತ್ತಾನೆ. ಈ ದೇಶದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಬಿಸಿಲು ದಾಖಲಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು 11ರಿಂದ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ, ಒಳ್ಳೆಯ ನಿಯಮ. ಆದರೆ ಅಂಗಡಿಯ ಬಾಗಿಲಿಂದ ಕಾರಿನ ಬಾಗಿಲವರೆಗಿನ ಹದಿನೈದು ಹೆಜ್ಜೆಯನ್ನು ಬಯಲು ಎಂದು ಯಾರು ಲೆಕ್ಕ ಹಿಡಿಯುತ್ತಾರೆ?

ನಾನೂ ಹಾರ್ನ್ ಹೊಡೆಯುತ್ತಿದ್ದೆ. ಬಂದ ಹೊಸತರಲ್ಲಿ ಸಂಕೋಚವಾಗುತ್ತಿತ್ತು, ಆರು ತಿಂಗಳಲ್ಲಿ ಹೋಯಿತು. ಮೂರು ವರ್ಷ ಒಬ್ಬನೇ ಹುಡುಗ ನನಗೆ ಲಬನ್, ಖುಬೂಸ್, ಮೊಟ್ಟೆ ತಂದುಕೊಟ್ಟ. ಹೋದ ಜುಲೈಯಲ್ಲಿ ಒಂದು ಮಧ್ಯಾಹ್ನ ಅವನು ಸಾಮಾನು ಕೊಡುವಾಗ ನಾನು ಫೋನಿನಲ್ಲಿ ತಾಯಿಯವರೊಡನೆ ಮಾತಾಡುತ್ತಿದ್ದೆ. ಮಾತ್ರೆ ತಗೊಂಡ್ಯಾ, ಡಾಕ್ಟರ್ ಏನಂದ್ರು, ಅಂತ. ಫೋನ್ ಇಟ್ಟ ಮೇಲೆ ಹುಡುಗ ಅಚ್ಚ ಕನ್ನಡದಲ್ಲಿ ಕೇಳಿದ: "ಅಮ್ಮನಿಗೆ ಹುಷಾರಿಲ್ಲವಾ ಸಾರ್?"

ಮಂಜೇಶ್ವರದ ಕಡೆಯವನಂತೆ. ಗೋವಿಂದ ಪೈಗಳ ಊರು. 1956ರಲ್ಲಿ ಆ ಸೀಮೆ ಕೇರಳಕ್ಕೆ ಸೇರಿದ ಮೇಲೂ ಕನ್ನಡ ಶಾಲೆಗಳು ಉಳಿದುಕೊಂಡ ಜಾಗ. ಇವನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ಮೂರು ವರ್ಷ ನಾನು ಅವನೊಡನೆ ಹಾರ್ನಿನಲ್ಲಿ ಮಾತಾಡಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಾಚಿಕೆಯಾಯಿತು ಎಂದು ಹೆಂಡತಿಗೆ ಹೇಳಿದೆ. ಅವಳು ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು: "ಅವನು ಬಾಂಗ್ಲಾದವನಾಗಿದ್ದರೆ ನಾಚಿಕೆಯಾಗುತ್ತಿತ್ತಾ?"

ಆಗುತ್ತಿರಲಿಲ್ಲ. ಹಾಗಿದ್ದರೆ ನನಗಾದದ್ದು ಏನು? ಒಬ್ಬ ಮನುಷ್ಯನನ್ನು ಓಡಾಡಿಸಿದೆನೆಂಬ ನೋವೋ, ನಮ್ಮವನನ್ನು ಓಡಾಡಿಸಿದೆನೆಂಬ ಮುಜುಗರವೋ? ಎರಡಕ್ಕೂ ಬಹಳ ಅಂತರವಿದೆ. ಸಂಘದ ಹಿರಿಯರೊಬ್ಬರಲ್ಲಿ ಹೇಳಿಕೊಂಡೆ. "ನಮ್ಮವರು ಎನ್ನುವ ಅಭಿಮಾನ ತಪ್ಪಲ್ಲ ಮಾರಾಯ್ರೇ, ಅದಿಲ್ಲದಿದ್ದರೆ ಸಂಘವೇ ಇರುತ್ತಿರಲಿಲ್ಲ" ಎಂದರು. ನಿಜ. ಯುಗಾದಿಗೆ ಬೇವುಬೆಲ್ಲ ಹಂಚುವುದು, ರಾಜ್ಯೋತ್ಸವಕ್ಕೆ ಮಕ್ಕಳಿಂದ ನಾಟಕ ಮಾಡಿಸುವುದು ಎಲ್ಲ ಆ ಅಭಿಮಾನದಿಂದಲೇ. ಆದರೆ ಮೂರು ವರ್ಷ ಆ ಹುಡುಗ ನನ್ನ ಕಣ್ಣಿಗೆ ಬೀಳದಿರಲು ಕಾರಣವೂ ಇದೇ ಅಭಿಮಾನವಲ್ಲವೇ? "ನಮ್ಮವರು" ಎಂಬ ಗೆರೆಯ ಆಚೆ ಇದ್ದಾನೆಂದುಕೊಂಡು ನಾನು ನೋಡುವ ಗೋಜಿಗೇ ಹೋಗಿರಲಿಲ್ಲ.

ರಕ್ತನಿಧಿಯ ಮಾತು ಇಲ್ಲಿ ಬರುತ್ತದೆ. ಅಲ್ಲಿಗೆ ನಮ್ಮಲ್ಲಿ ಹಲವರು ಹೋಗಿ ಮಲಗಿ ತೋಳು ಚಾಚಿದ್ದೇವೆ. ಒಂದು ಸಲಕ್ಕೆ ಸುಮಾರು 450 ಮಿಲಿಲೀಟರ್. ಕೆಂಪು ಕಣಗಳನ್ನು ತಂಪಿನಲ್ಲಿಟ್ಟರೆ 42 ದಿನಗಳವರೆಗೆ ಉಪಯೋಗಕ್ಕೆ ಬರುತ್ತವೆ. ಅಷ್ಟರೊಳಗೆ ಅದು ಯಾರ ಮೈ ಸೇರುತ್ತದೋ ಕೊಟ್ಟವನಿಗೆ ಗೊತ್ತಾಗುವುದಿಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿದ ಗುಂಪು ಹೊಂದಬೇಕು, ಅಷ್ಟೆ. ಆ ಗುಂಪಿಗೆ ಕನ್ನಡವೂ ಇಲ್ಲ, ಬಂಗಾಳಿಯೂ ಇಲ್ಲ. ನಮ್ಮ ದೇಶದಲ್ಲಿ ದುಡ್ಡಿಗೆ ರಕ್ತ ಮಾರುವವರೇ ಇದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ಅಪರಿಚಿತನಿಗೆ ಪುಕ್ಕಟೆಯಾಗಿ ಕೊಡುವುದು ಸಮಾಜದ ಆರೋಗ್ಯದ ಗುರುತು ಎಂದು ರಿಚರ್ಡ್ ಟಿಟ್ಮಸ್ ಎಂಬ ಇಂಗ್ಲಿಷ್ ವಿದ್ವಾಂಸರು 1970ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ನನಗೆ ಸೋಜಿಗವೆನಿಸುವುದು ಇದು. ರಕ್ತ ಕೊಡುವಾಗಲೂ ನನಗೆ ಎದುರಿನವನ ಹೆಸರು ಗೊತ್ತಿಲ್ಲ, ಹಾರ್ನ್ ಹೊಡೆಯುವಾಗಲೂ ಗೊತ್ತಿಲ್ಲ. ಮೊದಲನೆಯದರಲ್ಲಿ ಅವಮಾನವಿಲ್ಲ, ಎರಡನೆಯದರಲ್ಲಿದೆ. ಹಾಗಾದರೆ ಹೆಸರು ತಿಳಿಯದಿರುವುದು ತಪ್ಪಲ್ಲ, ಎಲ್ಲರ ಹೆಸರು ತಿಳಿದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ರಕ್ತ ಕೊಡುವವನು, ಸಬೀಲ್ ಇಡುವವನು ಕಾಣದ ಒಬ್ಬನ ಬಾಯಾರಿಕೆಯನ್ನೋ ನೋವನ್ನೋ ಎಣಿಸಿಕೊಂಡಿರುತ್ತಾನೆ. ಕಾರಿನಲ್ಲಿ ಕೂತ ನಾನು ಕಣ್ಣೆದುರಿದ್ದವನ ಬೆವರನ್ನೂ ಎಣಿಸಿರಲಿಲ್ಲ.

ಇಷ್ಟೆಲ್ಲ ಯೋಚಿಸಿ, ಇನ್ನು ಯಾವ ಅಂಗಡಿಯ ಮುಂದೆಯೂ ಹಾರ್ನ್ ಹೊಡೆಯುವುದಿಲ್ಲ ಎಂದು ತೀರ್ಮಾನಿಸಿದೆ. ಮರುದಿನ ಕಾರು ನಿಲ್ಲಿಸಿ, ಇಳಿದು, ಒಳಗೆ ಹೋದೆ. ಹುಡುಗ ಗಾಬರಿಯಿಂದ "ಕಾರು ಹಾಳಾಯಿತಾ ಸಾರ್?" ಎಂದ. ಇಲ್ಲಪ್ಪ, ಬಿಸಿಲಿನಲ್ಲಿ ನಿನ್ನನ್ನು ಯಾಕೆ ಓಡಿಸಲಿ ಎಂದೆ. ಅವನು ನಕ್ಕ. ಒಂದೆರಡು ವಾರ ಹೀಗೇ ನಡೆಯಿತು. ಒಂದು ದಿನ ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದಾಗ ಅವನು ತಲೆ ತಗ್ಗಿಸಿ, ಸಂಕೋಚದಿಂದಲೇ ಹೇಳಿದ:

"ಬೇಜಾರು ಮಾಡಬೇಡಿ ಸಾರ್. ಕಾರಿನಲ್ಲಿ ಕೂತವರು ಚಿಲ್ಲರೆ ಇಟ್ಟುಕೋ ಅಂತಾರೆ. ಒಳಗೆ ಬಂದವರು ಎಣಿಸಿ ತಗೊಂಡು ಹೋಗ್ತಾರೆ. ಊರಿಗೆ ಕಳಿಸುವುದರಲ್ಲಿ ಅದೂ ಸೇರುತ್ತದೆ."

ಚಿಲ್ಲರೆ 150 ಫಿಲ್ಸ್ ಆಗಲೇ ನನ್ನ ಜೇಬಿಗೆ ಸೇರಿತ್ತು. ತೆಗೆದು ಅವನ ಕೈಗಿಟ್ಟೆ. ಹೊರಗೆ ಯಾರೋ ಎರಡು ಸಲ ಹಾರ್ನ್ ಹೊಡೆದರು, ಅವನು ಓಡಿದ.