ಆಕಾಶದಲ್ಲಿ ಹೋಗುವ ಓಲೆ

ದಾರಿಯಲ್ಲಿ ಬಿದ್ದಿರುವ ಪರರ ಓಲೆಯನ್ನು ಒಡೆದು ಓದುವುದು ತಪ್ಪೆಂಬುದನ್ನು ಯಾರೂ ವಾದಿಸಿ ಸಾಧಿಸಬೇಕಾಗಿಲ್ಲ. ಆದರೆ ಒಡೆಯುವುದಕ್ಕೆ ಲಕೋಟೆಯೇ ಇಲ್ಲದ ಓಲೆಯೊಂದು ತಾನಾಗಿ ಮನೆಯೊಳಕ್ಕೆ ಬಂದರೆ ಅದನ್ನು ಓದಿದವನು ಅಪರಾಧಿಯೆ?

ವಿಮಾನಗಳು ನೆಲದೊಡನೆ ನಡೆಸುವ ಅಕ್ಷರಸಂಭಾಷಣೆಯ ವಿಷಯದಲ್ಲಿ ಈ ಪ್ರಶ್ನೆಯು ನಿಜವಾಗಿಯೇ ಹುಟ್ಟಿರುವುದು. 1978ರಲ್ಲಿ ಅಮೆರಿಕದ ಏರಿಂಕ್ ಸಂಸ್ಥೆಯು ‘ಏಕಾರ್ಸ್’ ಎಂಬ ಪದ್ಧತಿಯನ್ನು ಬಳಕೆಗೆ ತಂದಿತು. ವಿಮಾನವು ತನ್ನ ತಾಣವನ್ನು ಬಿಟ್ಟ ಹೊತ್ತು, ನೆಲವನ್ನು ಬಿಟ್ಟ ಹೊತ್ತು, ಮರಳಿ ನೆಲ ಮುಟ್ಟಿದ ಹೊತ್ತು, ತಾಣ ಸೇರಿದ ಹೊತ್ತು, ಇವು ನಾಲ್ಕನ್ನೂ ಯಂತ್ರವೇ ವರದಿಮಾಡುವುದು. ಎಂಜಿನಿನ ಸ್ಥಿತಿಯೂ ಹವೆಯ ವಿಚಾರಣೆಯೂ ಚಾಲಕರ ಸಣ್ಣಪುಟ್ಟ ಮಾತುಗಳೂ ಅದೇ ದಾರಿಯಲ್ಲಿ ಹೋಗುವುವು. ಉತ್ತರ ಅಮೆರಿಕದಲ್ಲಿ ಸ್ಕ್ಯಾನರ್ ಯಂತ್ರವನ್ನು 131.550 ಮೆಗಾಹರ್ಟ್ಸಿಗೆ ತಿರುಗಿಸಿದವನ ಕಿವಿಗೆ ಕ್ಷಣಮಾತ್ರದ ಕರಕರ ಸದ್ದಲ್ಲದೆ ಮತ್ತೇನೂ ಕೇಳಿಸದು. ಆ ಸದ್ದನ್ನು ಗಣಕಯಂತ್ರಕ್ಕೆ ಕೊಟ್ಟರೆ ಅದು ಸಾಲುಸಾಲಾಗಿ ಅಕ್ಷರವಾಗುವುದು. ಮೂವತ್ತೈದು ಸಾವಿರ ಅಡಿ ಎತ್ತರದ ವಿಮಾನವಾದರೆ ಇನ್ನೂರು ಮೈಲಿ ದೂರದಿಂದಲೂ ಅದರ ಮಾತು ಸಿಕ್ಕುವುದು. ಬಹುಪಾಲು ಸಂದೇಶಗಳಿಗೆ ಗೂಢಲಿಪಿಯ ಮರೆಯಿಲ್ಲ.

ಕೇಳುವವನ ವಾದ ಬಲವಾಗಿಯೇ ಇದೆ. ಅಲೆಯು ಅಪ್ಪಣೆ ಬೇಡದೆ ಅವನ ಮಾಡನ್ನು ಹಾದುಬಂದಿತು. ಕಳುಹಿಸಿದವನಿಗೆ ಕಾಸಿನ ನಷ್ಟವಿಲ್ಲ. ಗುಟ್ಟು ಬೇಕಾದವನು ಬೀಗ ಹಾಕಲಿ. ಕಾನೂನಾದರೂ ಒಂದೇ ಮಾತನ್ನು ಆಡುತ್ತಿಲ್ಲ. ಅಮೆರಿಕದ 1986ರ ಶಾಸನವು ವಿಮಾನಸಂಪರ್ಕವನ್ನು ಆಲಿಸುವುದಕ್ಕೆ ವಿನಾಯಿತಿ ಕೊಟ್ಟಿತು. ಬ್ರಿಟನ್ನಿನ 2006ರ ನಿಸ್ತಂತು ಶಾಸನವೋ ತನಗಲ್ಲದ ಸಂದೇಶದ ಒಳಗನ್ನು ತಿಳಿಯಬೇಕೆಂಬ ಉದ್ದೇಶದಿಂದ ಯಂತ್ರವನ್ನು ಬಳಸುವುದನ್ನೇ ಅಪರಾಧವೆಂದಿತು. ಸಮುದ್ರದ ಆಚೆಗೆ ವಿನೋದ, ಈಚೆಗೆ ಅಪರಾಧ!

ಬ್ರಿಟನ್ನಿನವರು ಉದ್ದೇಶವನ್ನು ಹಿಡಿದದ್ದು ಜಾಣತನವೇ ಸರಿ. ವಠಾರದಲ್ಲಿ ಪಕ್ಕದ ಮನೆಯ ಜಗಳ ಕಿವಿಗೆ ಬಿದ್ದರೆ ಯಾರದೂ ತಪ್ಪಲ್ಲ. ಗೋಡೆಯ ಬಳಿಗೆ ಮಣೆಯನ್ನು ಎಳೆದುಕೊಂಡು ಕುಳಿತರೆ ಮಾತು ಬೇರೆಯಾಗುವುದು. ಮಾಡಿನ ಮೇಲೆ ತಂತಿ ಕಟ್ಟಿದವನು ಓಲೆಯು ತಾನಾಗಿ ಬಂದಿತೆನ್ನಲಾರನು.

ಹಾಗೆಂದು ಎಲ್ಲ ಸಂದೇಶವೂ ಒಬ್ಬರ ಗುಟ್ಟಲ್ಲ. ರಿಯೋವಿನಿಂದ ಪ್ಯಾರಿಸ್ಸಿಗೆ ಹೊರಟು 2009ರ ಜೂನ್ 1ರಂದು 228 ಜನರೊಡನೆ ಕಡಲಿಗೆ ಬಿದ್ದ ಏರ್ ಫ್ರಾನ್ಸ್ ವಿಮಾನವು ಕೊನೆಯ ಐದು ನಿಮಿಷಗಳಲ್ಲಿ ಉಪಗ್ರಹದ ಮೂಲಕ 24 ದುರಸ್ತಿ ಸಂದೇಶಗಳನ್ನು ಕಳುಹಿಸಿತು. ಅವನ್ನು ಯಾವ ಮನುಷ್ಯನೂ ಬರೆದಿರಲಿಲ್ಲ. ಯಂತ್ರವು ಯಂತ್ರಕ್ಕೆ ಹೇಳಿದುದರಲ್ಲಿ ಮಾನಭಂಗವೆಲ್ಲಿಂದ ಬಂದೀತು?

ಕಷ್ಟವಿರುವುದು ಬೇರೆಡೆಯಲ್ಲಿ. ಆಕ್ಸ್‌ಫರ್ಡಿನ ಸಂಶೋಧಕರೂ ಅವರ ಸಹೋದ್ಯೋಗಿಗಳೂ 2018ರಲ್ಲಿ ತೋರಿಸಿದಂತೆ, ಪ್ರಯಾಣಿಕರ ಕಾಯಿಲೆಯ ವಿವರಗಳೂ ಕ್ರೆಡಿಟ್ ಕಾರ್ಡಿನ ಅಂಕಿಗಳೂ ಇದೇ ಬಯಲು ದಾರಿಯಲ್ಲಿ ಹೋಗುತ್ತಿದ್ದುವು. ಇಲ್ಲಿ ಬೀಗದ ವಾದವು ಕುಸಿದುಬೀಳುವುದು. ಗುಟ್ಟು ಪ್ರಯಾಣಿಕಳದು, ಬೀಗದ ಕೈ ಕಂಪೆನಿಯದು. ಬಾಗಿಲು ತೆರೆದಿರುವ ಸಂಗತಿಯೇ ಆಕೆಗೆ ತಿಳಿಯದು.

ಯಾವುದು ಯಂತ್ರದ ಮಾತು, ಯಾವುದು ರೋಗಿಯ ಮಾತು ಎಂಬುದು ಓದುವ ಮುನ್ನ ಗೊತ್ತಾಗುವಂತಿಲ್ಲ. ಸಭ್ಯನಾದವನು ಅಂಥ ಸಾಲು ಕಂಡೊಡನೆ ಅಳಿಸಿಬಿಡಬಹುದು. ಆದರೆ ಅಳಿಸುವ ಹೊತ್ತಿಗೆ ಆಕೆಯ ಆಸನದ ಸಂಖ್ಯೆಯನ್ನೂ ಎದೆನೋವಿನ ಸುದ್ದಿಯನ್ನೂ ಅವನು ಓದಿಯಾಗಿರುವುದು.