ಆರ್ಗ್-0 ಜಾಗದಲ್ಲಿ ದೇವರು

ವಿಮೆಯ ಕರಾರುಪತ್ರದ ಸಾಲೊಂದು ಮೊನ್ನೆ ನನ್ನ ಪಾಲಿಗೆ ಬಂತು: 'ಆಕ್ಟ್ ಆಫ್ ಗಾಡ್'ನಿಂದಾದ ನಷ್ಟಕ್ಕೆ ಪರಿಹಾರವಿಲ್ಲ. ಇಂಗ್ಲಿಷ್ ವಾಕ್ಯದ ಕ್ರಿಯಾಪದವನ್ನು ಹಿಡಿದು, ಮಾಡಿದವರು ಯಾರು, ಆದದ್ದು ಯಾವುದಕ್ಕೆ, ಯಾವುದರಿಂದ ಎಂದು ಗುರುತು ಹಾಕುವುದು ನನ್ನ ಹೊಟ್ಟೆಪಾಡು. ಕ್ರಿಯೆಯನ್ನು ಹೇಳುವ ನಾಮಪದಗಳಿಗೂ ಇದೇ ಉಪಚಾರ. 'ಆಕ್ಟ್'ಗೆ ಮಾಡುವವನೊಬ್ಬ ಬೇಕಲ್ಲ, ಅಲ್ಲಿ ಸಿಕ್ಕವನು ದೇವರೊಬ್ಬನೇ. ಅವನಿಗೆ ಮಾಡುವವನ ಗುರುತಾದ ಆರ್ಗ್-0 ಎಂದು ಹಾಕಿದೆ. ಕಾಶಿಗೆ ವ್ಯಾಕರಣ ಓದಲು ಬಂದು, ಹನುಮಾನ್ ಘಾಟಿನ ಗಲ್ಲಿಯ ಬಾಡಿಗೆ ಕೋಣೆಯಲ್ಲಿ ಕೂತು ದೇವರಿಗೇ ನಂಬರು ಕೊಡುವ ಯೋಗ!

ಈ ನಂಬರುಗಳು ಅಮೆರಿಕದ ಪ್ರಾಪ್‌ಬ್ಯಾಂಕ್ ಎಂಬ ಯೋಜನೆಯವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ವರದಿಗಳಿಗೆ ಹೀಗೆ ಗುರುತು ಹಾಕಿದರು. ಹುಡುಗ ಕಿಟಕಿ ಒಡೆದ ಎಂದರೆ ಹುಡುಗ 0, ಕಿಟಕಿ 1. ಕಿಟಕಿ ಒಡೆಯಿತು ಎಂದರೂ ಕಿಟಕಿ 1 ಆಗಿಯೇ ಉಳಿಯುತ್ತದೆ. ಪಾಣಿನಿ ಇದಕ್ಕೆ ಒಪ್ಪುವವನಲ್ಲ. ಸ್ವತಂತ್ರವೆಂದು ಯಾವುದನ್ನು ಹೇಳುತ್ತೇವೋ ಅದೇ ಅವನಿಗೆ ಕರ್ತೃ. ಪಾತ್ರೆ ಬೇಯಿಸುತ್ತದೆ ಎಂದರೆ ಆ ಮಾತಿನ ಮಟ್ಟಿಗೆ ಪಾತ್ರೆಯೇ ಕರ್ತೃ. ಎಲ್ಲ ಆಡುವವನ ವಿವಕ್ಷೆ, ಅವನು ಹೇಗೆ ಹೇಳಬಯಸಿದನೋ ಹಾಗೆ. ಇದೇ ಜಾಡಿನಲ್ಲಿ ಹೈದರಾಬಾದಿನ ಟ್ರಿಪಲ್ ಐಟಿಯವರು ಪಾಣಿನಿಯ ಕಾರಕಗಳನ್ನೇ, ಅಂದರೆ ಕ್ರಿಯೆಯೊಡನೆ ಪದಗಳಿಗಿರುವ ಸಂಬಂಧಗಳನ್ನೇ, ಗುರುತುಪಟ್ಟಿಯಾಗಿಸಿದರು, ಇಂಗ್ಲಿಷಿಗೂ ಹೊಂದಿಸಿ ನೋಡಿದರು. ಆ ಕೆಲಸದ ಮುಂದಾಳುಗಳಲ್ಲಿ ಒಬ್ಬರಾದ ರಾಜೀವ್ ಸಂಗಲ್ 2013ರಲ್ಲಿ ಇಲ್ಲಿನ ಐಐಟಿ ಬಿಎಚ್‌ಯುಗೆ ನಿರ್ದೇಶಕರಾಗಿ ಬಂದದ್ದು ನನಗೆ ಸರಿಯಾದ ವಿಳಾಸವೆನಿಸುತ್ತದೆ. ವೈಯಾಕರಣರಾದ ಭಟ್ಟೋಜಿ ದೀಕ್ಷಿತರು, ಕೌಂಡಭಟ್ಟ, ನಾಗೇಶಭಟ್ಟ ಎಲ್ಲರೂ ಬರೆದದ್ದು ಈ ಊರಲ್ಲೇ. ನಾಗರಪಂಚಮಿಗೆ ನಾಗಕುಆಂ ಬಾವಿಯ ಬಳಿ ಪತಂಜಲಿಯ ನೆನಪಿನಲ್ಲಿ ಇಂದಿಗೂ ಶಾಸ್ತ್ರಾರ್ಥವೆಂಬ ಪಂಡಿತರ ವಾದ ನಡೆಯುತ್ತದೆ.

ಶಾಸ್ತ್ರಾರ್ಥದಲ್ಲಿ ನನಗೆ ಸದಾ ಕುತೂಹಲ ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ ಬಗ್ಗೆ. ಕರ್ತೃವೆಂದರೆ ಅವರಿಗೆ ಪ್ರಯತ್ನವುಳ್ಳವನು, ಚೇತನ. ಚೈತ್ರ ಊರಿಗೆ ಹೋಗುತ್ತಾನೆ ಎಂದರೆ ತಕರಾರಿಲ್ಲ. ರಥ ಹೋಗುತ್ತದೆ ಎಂದರೆ ಮರದ ರಥಕ್ಕೆಲ್ಲಿಯ ಪ್ರಯತ್ನ? ಅಲ್ಲಿ ಲಕ್ಷಣೆಯ, ಅಂದರೆ ಗೌಣಾರ್ಥದ, ಮೊರೆ ಹೋಗುತ್ತಾರೆ. ಈ ಬಿಗಿಯಿಂದಲೇ ಅವರಿಗೆ ಈಶ್ವರನೂ ಸಿಗುತ್ತಾನೆ. ಮಡಕೆಯ ಹಾಗೆ ಭೂಮಿಯೂ ಒಂದು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು, ಭೂಮಿ ಮಾಡುವುದು ನಮ್ಮಂಥವರ ಕೈಲಾಗದ್ದು, ಆದ್ದರಿಂದ ಈಶ್ವರ. ಉದಯನಾಚಾರ್ಯರ ನ್ಯಾಯಕುಸುಮಾಂಜಲಿ ಇದನ್ನು ಕಟ್ಟಿ ನಿಲ್ಲಿಸಿದ ಗ್ರಂಥ. ವೈಯಾಕರಣ ಈ ದಾರಿಯಲ್ಲಿ ದೇವರನ್ನು ಮುಟ್ಟಲಾರ. ಪಾತ್ರೆಯನ್ನೂ ಕರ್ತೃವಾಗಿಸಿದವನು ಕರ್ತೃಪದ ನೋಡಿ ಲೋಕದಲ್ಲಿ ಯಾರಿದ್ದಾರೆಂದು ಹೇಳುವುದು ಹೇಗೆ? ಅವನು ನಾಸ್ತಿಕನೇನಲ್ಲ, ಸಾಕ್ಷಿ ಹೇಳಲು ಒಲ್ಲೆ ಎನ್ನುತ್ತಾನೆ, ಅಷ್ಟೇ.

ನಾನು ವೈಯಾಕರಣರ ಪಕ್ಷ. ವಿಮೆಯವರ ದೇವರು ನೈಯಾಯಿಕರ ಈಶ್ವರನಲ್ಲ. ಮನುಷ್ಯರಾರೂ ಹೊಣೆಯಲ್ಲ ಎನ್ನಲು ಆ ಹೆಸರನ್ನು ಬರೆದಿದ್ದಾರೆ. ಕುರ್ಚಿ ಖಾಲಿ ಎನ್ನುವ ಬದಲು ಅದರ ಮೇಲೆ ಟವೆಲ್ ಹಾಕಿದ ಹಾಗೆ.

ಜಂಗಮವಾಡಿ ಮಠದಲ್ಲಿ ಇಳಿದುಕೊಂಡಿದ್ದ ಧಾರವಾಡ ಕಡೆಯ ಅಜ್ಜಿಯ ದೇವರು ಬೇರೆ. "ನಾ ಎಲ್ಲಿ ಬರ್ತಿದ್ನೋ ತಮ್ಮಾ, ವಿಶ್ವನಾಥನ ಕರಿಸ್ಕೊಂಡ" ಎಂದಳು. ವರ್ಷಗಟ್ಟಲೆ ಎಮ್ಮೆ ಹಾಲು ಮಾರಿದ ದುಡ್ಡು ಗಂಟು ಕಟ್ಟಿಟ್ಟು ರೈಲು ಹತ್ತಿದವಳು ಅವಳೇ. ಮಾಡಿಸುವವನಿಗೆ ಪಾಣಿನಿ ಹೇತು ಎಂಬ ಹೆಸರಿಟ್ಟು ಅವನನ್ನೂ ಕರ್ತೃವೆಂದ. ಹಾಗೆಂದು ಮಾಡುವವನ ಕರ್ತೃತ್ವವನ್ನು ಕಿತ್ತುಕೊಳ್ಳಲಿಲ್ಲ. ಪ್ರೇರಣೆ ಇನ್ನೊಬ್ಬನದಾದರೂ ಕೈಕಾಲು ಆಡಿಸುವುದು ಮಾಡುವವನ ಪಾಲಿಗೇ ಉಳಿಯಿತು. ಹೈದರಾಬಾದಿನ ಪಟ್ಟಿಯಲ್ಲಿ ಮಾಡಿಸುವ ಪ್ರಯೋಜಕನಿಗೆ ಪಿಕೆ1, ಮಾಡುವ ಪ್ರಯೋಜ್ಯನಿಗೆ ಜೆಕೆ1 ಎಂದು ಎರಡು ಬೇರೆ ಗುರುತುಗಳಿವೆ. ಭಕ್ತಿಗೂ ಹೊಣೆಗೂ ಒಂದೇ ವಾಕ್ಯದಲ್ಲಿ ಜಾಗವಿದೆ ಎಂದಾಯಿತು. ಎಲ್ಲ ಅವನೇ ಮಾಡಿಸಿದ ಎಂದು ಕೈತೊಳೆದುಕೊಳ್ಳುವವರಿಗೆ ವ್ಯಾಕರಣದ ಆಸರೆಯಿಲ್ಲ.

ಅಜ್ಜಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಜೆ ಕರ್ನಾಟಕ ಘಾಟಿನ ಮೆಟ್ಟಿಲ ಮೇಲೆ ಕೂತು, ದೋಣಿಯವ ಹೇಳಿದ್ದೊಂದು ಕಿತ್ತದ್ದೊಂದು ಎಂದು ಅವನನ್ನು ಬೈಯುತ್ತಿದ್ದಳು. ಅಲ್ಲಿ ವಿಶ್ವನಾಥನ ಹೆಸರೇ ಬರಲಿಲ್ಲ.