ಕಣ್ಣನ್ನಾದರೂ ಕೊಡುವ ಪ್ರೀತಿ

(ಧ್ಯಾನಕ್ಕೆ: ಗಲಾತ್ಯದವರಿಗೆ 4:15)

ರೋಗಪೀಡಿತನಾಗಿ ಬಂದ ಪೌಲನಿಗೆ ಗಲಾತ್ಯದ ವಿಶ್ವಾಸಿಗಳು ತಮ್ಮ ಕಣ್ಣುಗಳನ್ನು ಕೊಡುವದಕ್ಕೂ ಹಿಂಜರಿಯುತ್ತಿರಲಿಲ್ಲವೆಂದು ಆತನೇ ಸಾಕ್ಷಿ ಕೊಟ್ಟಿದ್ದಾನೆ. ಆ ಕಾಲದಲ್ಲಿ ಅಸಾಧ್ಯವಾಗಿದ್ದದ್ದು ಈಗ ಸಾಧ್ಯವಾಗಿದೆ. ಅರಸೀಕೆರೆಗೆ ದೂರವಲ್ಲದ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ ನಟ ಸಂಚಾರಿ ವಿಜಯ್ 2021ನೆಯ ಜೂನ್ ತಿಂಗಳಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಬಿದ್ದು ಮಿದುಳು ಸತ್ತಾಗ, ಮನೆಯವರು ಅಳುತ್ತಲೇ ಅವರ ಅಂಗಗಳನ್ನು ರೋಗಿಗಳಿಗೆ ದಾನಮಾಡಿದರು.

ನಮ್ಮ ಮನೆಗಳಿಂದಲೂ ಹೆಣ್ಣುಮಕ್ಕಳು ದಾದಿಯರಾಗಿ ಆಸ್ಪತ್ರೆಗಳಿಗೆ ಹೋಗಿದ್ದಾರೆ. ಅವರಲ್ಲಿ ಅನೇಕರು ಈ ದಾನ ಒಳ್ಳೆಯದೆಂದು ಒಪ್ಪುತ್ತಾರೆ. ಆದರೂ ಅಳುವ ತಾಯಿಯ ಮುಂದೆ ಕೇಳಲು ಅವರಿಗೆ ಬಾಯಿಬರುವದಿಲ್ಲ. ಯಂತ್ರದಿಂದ ಎದೆ ಏರಿಳಿಯುತ್ತಿರುವಾಗ, "ಇವನು ಸತ್ತನೋ?" ಎಂಬ ಸಂಶಯವು ಅವರನ್ನೂ ಕಾಡುವದುಂಟು. ಮಗಳೇ, ಮೊದಲು ಚೆನ್ನಾಗಿ ತಿಳಿದುಕೋ. ಬರೀ ಎಚ್ಚರತಪ್ಪಿದವನು ತಿರುಗಿ ಏಳಬಹುದು. ಮಿದುಳಿನ ಕಾಂಡ ಸತ್ತವನು ಏಳುವದಿಲ್ಲ. 1994ನೆಯ ಕಾನೂನಿನಂತೆ ನಾಲ್ವರು ವೈದ್ಯರು, ಕಡಿಮೆಯೆಂದರೆ 6 ತಾಸುಗಳ ಅಂತರದಲ್ಲಿ ಎರಡು ಸಾರಿ ಪರೀಕ್ಷಿಸಬೇಕು. ಅಂಗವನ್ನು ಕಸಿಮಾಡುವ ವೈದ್ಯರು ಆ ನಾಲ್ವರಲ್ಲಿ ಸೇರಕೂಡದು. ಅಂಗವನ್ನು ಮಾರುವದೂ ಕೊಳ್ಳುವದೂ ಅಪರಾಧ. ಇದನ್ನು ತಿಳಿದವಳು ಮೆಲ್ಲಗೆ, ಬಲವಂತವಿಲ್ಲದೆ ಕೇಳಲಿ. ಬೇಡವೆಂದವರನ್ನೂ ಅದೇ ಪ್ರೀತಿಯಿಂದ ಸಂತೈಸಲಿ.

"ಶರೀರವು ಪೂರ್ಣವಾಗಿ ಸಮಾಧಿಗೆ ಹೋಗದಿದ್ದರೆ ಪುನರುತ್ಥಾನವು ಹೇಗೆ?" ಎಂದು ಕೆಲವರು ಕೇಳುತ್ತಾರೆ. ಸಮುದ್ರದಲ್ಲಿ ಮುಳುಗಿದವರನ್ನೂ ಬೆಂಕಿಯಲ್ಲಿ ಬೆಂದ ರಕ್ತಸಾಕ್ಷಿಗಳನ್ನೂ ಎಬ್ಬಿಸುವ ದೇವರಿಗೆ ಇದು ಕಷ್ಟವೋ? ಬಿತ್ತಿದ ರಾಗಿಕಾಳು ಮಣ್ಣಿನಲ್ಲಿ ಕರಗಿಹೋದರೂ ತೆನೆಯನ್ನು ಕೊಡುವಾತನು ಆತನೇ.

ಹೃದಯ ಮೂತ್ರಪಿಂಡಗಳ ದಾನವು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುವದು. ನೇತ್ರದಾನವಾದರೋ ಹಳ್ಳಿಯ ಮನೆಯಲ್ಲಿಯೂ ಆಗಬಲ್ಲದು. ಮುದುಕರೂ ಕೊಡಬಹುದು. ಮರಣವಾದ 6 ತಾಸುಗಳೊಳಗೆ ನೇತ್ರಭಂಡಾರದವರು ಬರಬೇಕು; ಅಷ್ಟರವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯಾದ ಹತ್ತಿಯನ್ನಿಡಿರಿ.

ಆದದರಿಂದ ಯಜಮಾನರೇ, ತಾಯಂದಿರೇ, ಆರೋಗ್ಯವಾಗಿರುವಾಗಲೇ ಕುಟುಂಬಪ್ರಾರ್ಥನೆ ಮುಗಿಸಿ ನಿಮ್ಮ ಮನಸ್ಸನ್ನು ಮಕ್ಕಳಿಗೆ ತಿಳಿಸಿರಿ. ಆಗ ದುಃಖದ ಗಳಿಗೆಯಲ್ಲಿ ಅವರು ತಡವರಿಸುವದಿಲ್ಲ. ಹಾಸಿಗೆಯ ಬಳಿಯಲ್ಲಿ ನಿಂತ ದಾದಿಯೂ ಕೇಳಲು ಅಂಜುವದಿಲ್ಲ. ನಮಗಾಗಿ ತನ್ನ ಶರೀರವನ್ನೇ ಒಪ್ಪಿಸಿದ ಕರ್ತನು ಈ ಪ್ರೀತಿಯನ್ನು ನಮ್ಮಲ್ಲಿ ಹುಟ್ಟಿಸಲಿ. ಆಮೆನ್.